ಸಿ.ಬಿ. ರೇಡಿಯೊಗೆ ಎಂಟು ಟೆನ್ ಕೋಡ್ ಸಾಕು

ಕಲಬುರಗಿಯಿಂದ ಜೇವರ್ಗಿ ಕಡೆ ನಾಲ್ಕೈದು ಗಾಡಿ ಸಾಲಾಗಿ ಹೊರಟಾಗ ಸಿ.ಬಿ. (ಸಿಟಿಜನ್ಸ್ ಬ್ಯಾಂಡ್) ಸೆಟ್, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ, ಭಾಳ ಅನುಕೂಲ. 26.957ರಿಂದ 27.283 ಮೆಗಾಹರ್ಟ್ಸ್ ತನಕ, 5 ವ್ಯಾಟ್ ಮೀರದಿದ್ದರೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಅಮೆರಿಕದ 40 ಚಾನೆಲ್ ಸೆಟ್ ಇದ್ದರೆ 27ನೇ ಚಾನೆಲ್ ದಾಟಬೇಡಿ. 28ನೆಯದು 27.285, ಮಿತಿಯಾಚೆ.

ಇನ್ನು ಟೆನ್ ಕೋಡ್, ಅಂದರೆ ಉದ್ದ ಮಾತಿನ ಬದಲು ‘ಟೆನ್’ ಸೇರಿಸಿ ಹೇಳುವ ಅಂಕಿ. ಪೂರಾ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. 10-1 ಅಂದರೆ ಸರಿಯಾಗಿ ಕೇಳಿಸುತ್ತಿಲ್ಲ, 10-9 ಇನ್ನೊಮ್ಮೆ ಹೇಳಿ, 10-6 ಕೆಲಸದಲ್ಲಿದ್ದೇನೆ ತಡೀರಿ, 10-7 ಸೆಟ್ ಬಂದ್ ಮಾಡುತ್ತಿದ್ದೇನೆ. 10-20 ಅಂದರೆ ಇರುವ ಜಾಗ. ಅದಕ್ಕೆ ‘ಇಲ್ಲೇ ಬಂದೀನಿ’ ಅನ್ನುವ ಉತ್ತರ ಯಾರಿಗೂ ಉಪಯೋಗವಿಲ್ಲ. ‘ಕಟ್ಟಿಸಂಗಾವಿ ಸೇತುವೆ ದಾಟೀನ್ರಿ, ಜೇವರ್ಗಿ ಕಡೆ’ ಅಂದರೆ ಜಾಗ, ದಿಕ್ಕು ಎರಡೂ ಸಿಕ್ಕವು.

ಹೆಚ್ಚು ಎಡವಟ್ಟಾಗುವುದು 10-4ರಲ್ಲಿ. ಮಾತು ಮುಟ್ಟಿತು ಅಂತಷ್ಟೇ ಅದರ ಅರ್ಥ, ಕೆಲಸ ಆಯಿತು ಅಂತಲ್ಲ. ‘ಕ್ರಾಸ್ ಹತ್ರ ನಿಲ್ರಿ’ ಅಂದದ್ದಕ್ಕೆ ಬರೀ 10-4 ಬಂದರೆ ಯಾವ ಕ್ರಾಸ್ ಎಂದು ತಿಳಿದರೋ ಗೊತ್ತಾಗದು. ಊರಿನ ಹೆಸರು ಸೇರಿಸಿ ತಿರುಗಿ ಹೇಳಿಸಿಕೊಳ್ಳಿ. ಜನ ಮರೆಯುವುದು 10-5: ನನ್ನ ಮಾತು ಮುಂದಿನವರಿಗೆ ದಾಟಿಸಿ. ಕೈಸೆಟ್ಟಿನ ಗಿಡ್ಡ ಆಂಟೆನಾ ದೂರ ಮುಟ್ಟುವುದಿಲ್ಲ. ಅದಕ್ಕೇ ಸಾಲಿನ ನಡುವಿನ ಗಾಡಿಯಲ್ಲಿ ಚುರುಕಾದ ಕಿವಿಯವರನ್ನು ಕೂಡಿಸಬೇಕು.

ಅಂಕಿಯ ಮೊದಲು ‘ಟೆನ್’ ಯಾಕೆ? 1937ರ ಸುಮಾರಿಗೆ ಅಮೆರಿಕದ ಇಲಿನಾಯ್ ರಾಜ್ಯ ಪೊಲೀಸ್ ಇಲಾಖೆಯ ಚಾರ್ಲ್ಸ್ ಹಾಪರ್ ಈ ಪದ್ಧತಿ ತಂದರು. ಆಗಿನ ಸೆಟ್ಟುಗಳು ಪೂರ್ಣ ಶಕ್ತಿಗೆ ಬರಲು ಕ್ಷಣ ಹಿಡಿಯುತ್ತಿತ್ತು, ಮೊದಲ ಶಬ್ದ ಹಾರಿಹೋಗುತ್ತಿತ್ತು. ಹಾರಿದರೆ ‘ಟೆನ್’ ಹಾರಲಿ, ಮುಖ್ಯ ಅಂಕಿ ಉಳಿಯಲಿ ಅಂತ. ಈಗಲೂ ಗುಂಡಿ ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಅಕ್ಷರ ತಿಂದುಹೋಗುತ್ತದೆ. ಒತ್ತಿ, ಅರೆ ಸೆಕೆಂಡ್ ಬಿಟ್ಟು ಶುರುಮಾಡಿ.

ನಮ್ಮ ಸೀಮೆಯಲ್ಲಿ ಒಬ್ಬರು ‘ಹತ್ತು’, ಇನ್ನೊಬ್ಬರು ‘ದಸ್’ ಅನ್ನುತ್ತಾರೆ. ಎಂಜಿನ್ ಗರಗರದ ನಡುವೆ ಕಿವಿ ಒಂದೇ ಭಾಷೆಯ ಅಂಕಿಗೆ ಕಾದಿರಬೇಕು. ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಅಪಘಾತವಾದರೆ ಉಳಿದ ಕೋಡ್ ಬಿಡಿ. ಚಾನೆಲ್ ಖಾಲಿ ಮಾಡಿಸಲು 10-33 ಅಂದು, ಎಲ್ಲಿ, ಏನಾಯಿತು, ಎಷ್ಟು ಜನರಿಗೆ ಪೆಟ್ಟಾಗಿದೆ ಎಂದು ಸರಳ ಕನ್ನಡದಲ್ಲಿ ಹೇಳಿ. 9ನೇ ಚಾನೆಲ್ ತುರ್ತಿಗೆ ಮೀಸಲಾಗಿರುವುದು ಅಮೆರಿಕದಲ್ಲಿ. ಇಲ್ಲಿ ಅದನ್ನು ನಂಬಿ ಕೂರದೆ, ಫೋನ್ ಸಿಗ್ನಲ್ ಇರುವ ಗಾಡಿಯವರಿಂದ 112ಕ್ಕೆ ಕರೆ ಮಾಡಿಸಿ.