ಮೊದಲು ರಿಂಗ್, ಆಮೇಲೆ ಟರ್ಬೊ
16 ಜೂನ್ 2024, ಭಾನುವಾರ

ಟರ್ಬೊ ಹಾಕಲೆಂದು ಬಿಚ್ಚಿದ ಗಾಡಿಯ ಎಂಜಿನ್ ಬ್ಲಾಕ್ ಬೋರಿಂಗ್, ಹೋನಿಂಗ್ (ಸಿಲಿಂಡರನ್ನು ಕೊರೆದು ಉಜ್ಜುವುದು) ಎಲ್ಲ ಮುಗಿಸಿಕೊಂಡು ಬಂದಿದೆ. ಇವತ್ತು ಇಡೀ ದಿನ ಒಂದೇ ಕೆಲಸ, ಪಿಸ್ಟನ್ ಸುತ್ತ ಕೂರುವ ರಿಂಗುಗಳ ಎರಡು ತುದಿಗಳ ನಡುವಿನ ಗ್ಯಾಪನ್ನು ಉಜ್ಜಿ ಸರಿಮಾಡುವುದು.

ನೋಡಲು ಬಂದ ಗೆಳೆಯನ ಕಣ್ಣೆಲ್ಲ ಮೇಜಿನ ಮೇಲಿದ್ದ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಕಡೆಗೇ. "ಎಷ್ಟು ಬೂಸ್ಟ್ ಕೊಡ್ತೀಯೋ?" ಅಂದ. ಒಂದು ಬಾರ್ ಹೆಚ್ಚುವರಿ ಒತ್ತಡ ಅಂದೆ. ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ, ಮ್ಯಾನಿಫೋಲ್ಡಿನಲ್ಲಿ ಹೊರಗಿನ ಗಾಳಿಯ ಎರಡರಷ್ಟು ಒತ್ತಡ. ಗಾಳಿ ಜಾಸ್ತಿ ಆದರೆ ಪೆಟ್ರೋಲು ಜಾಸ್ತಿ, ಪವರ್ ಜಾಸ್ತಿ. ಅಷ್ಟು ಅವನಿಗೂ ಗೊತ್ತು. ಜೊತೆಗೆ ಬಿಸಿಯೂ ಜಾಸ್ತಿ ಆಗುತ್ತಲ್ವಾ, ಅದನ್ನು ಯಾರೂ ಕೇಳುವುದಿಲ್ಲ.

ಬಿಸಿಗೆ ರಿಂಗ್ ಹಿಗ್ಗುತ್ತದೆ. ಅದರ ಎರಡು ತುದಿಗಳ ನಡುವೆ ಜಾಗ ಸಾಲದಿದ್ದರೆ ತುದಿಗೆ ತುದಿ ಒತ್ತಿಕೊಂಡು, ಹೋಗಲು ದಾರಿಯಿಲ್ಲದೆ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಇಲ್ಲವೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡುಗಳ ನಡುವಿನ ಅಂಚು, ಅಂದರೆ ರಿಂಗ್ ಲ್ಯಾಂಡನ್ನೇ ಮುರಿಯುತ್ತದೆ. ಮಾಮೂಲಿ ಎಂಜಿನ್ನಿಗೆ ಸಾಕಾಗುವ ಗ್ಯಾಪ್ ಟರ್ಬೊಗೆ ಸಾಲದು.

ಬೋರ್ (ಸಿಲಿಂಡರಿನ ಒಳವ್ಯಾಸ) 86 ಮಿ.ಮೀ. ಪಿಸ್ಟನ್ ಜೊತೆ ಬಂದ ಹಾಳೆಯ ಲೆಕ್ಕದಂತೆ ಮೇಲಿನ ರಿಂಗಿಗೆ 0.48 ಮಿ.ಮೀ. ಇಟ್ಟೆ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು, 0.53. ಮೇಲಿನದನ್ನು ದಾಟಿ ಬಂದ ಗ್ಯಾಸ್ ಎರಡರ ನಡುವೆ ಸಿಕ್ಕಿಕೊಂಡರೆ ಮೇಲಿನ ರಿಂಗನ್ನು ಎತ್ತಿಬಿಡುತ್ತದೆ, ಅದಕ್ಕೆ.

ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗು ಮಾಡಿ ಮೆಲ್ಲಗೆ ಕೆಳಗೆ ತಳ್ಳಬೇಕು. ಆಗ ಓರೆಯಾಗದೆ ಕೂರುತ್ತದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ನೋಡು, ತೆಗೆ, ಒಂದೇ ತುದಿಯನ್ನು ಹೊರಗಿನಿಂದ ಒಳಕ್ಕೆ ಉಜ್ಜು, ಮತ್ತೆ ಹಾಕು. ಹೊರಕ್ಕೆ ಉಜ್ಜಿದರೆ ಕೋಟಿಂಗ್ ಎದ್ದುಬಿಡುತ್ತದೆ. ಗೇಜಿನ ಪಟ್ಟಿ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು, ಸಡಿಲ ಅನ್ನಿಸಬಾರದು. ಕೊನೆಗೆ ತುದಿಯ ಚೂಪನ್ನು ಸಣ್ಣ ಕಲ್ಲಿನಲ್ಲಿ ತೀಡಿದರೆ ಆಯಿತು. ಜಾಸ್ತಿ ಉಜ್ಜಿಬಿಟ್ಟರೆ ಆ ರಿಂಗ್ ಹೋದಂತೆಯೇ, ಹಿಂದಕ್ಕೆ ಬೆಳೆಸಲಿಕ್ಕಾಗುತ್ತಾ?

ಮಿಕ್ಕಿದ್ದೆಲ್ಲ ಇದೇ ಲೆಕ್ಕದ್ದು. ಪಿಸ್ಟನ್ ಫೋರ್ಜ್ಡ್, ಅಂದರೆ ಲೋಹವನ್ನು ಬಡಿದು ಒತ್ತಿ ಮಾಡಿದ್ದು. ಕಂಪ್ರೆಷನ್ ರೇಷಿಯೊ (ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) 10.5ರಿಂದ 8.8ಕ್ಕೆ ಇಳಿಸಿದ್ದೇನೆ. ನಾಕಿಂಗ್, ಅಂದರೆ ಪೆಟ್ರೋಲು ತಾನಾಗಿಯೇ ಸಿಡಿದು ಉರಿಯುವ ಭಯ, ಅಷ್ಟರ ಮಟ್ಟಿಗೆ ಕಡಿಮೆ. ಬೂಸ್ಟ್ ಏರುವ ಮೊದಲು ಗಾಡಿ ಸ್ವಲ್ಪ ಮಂದ ಅನ್ನಿಸೀತು, ಅನ್ನಿಸಲಿ ಬಿಡಿ. ತಣ್ಣಗಿದ್ದಾಗ ಈ ಪಿಸ್ಟನ್ ಟಕಟಕ ಅನ್ನುತ್ತದೆ ಕೂಡ. ಹಿಗ್ಗಲು ಜಾಗ ಬಿಟ್ಟಿರುತ್ತಾರಲ್ಲ, ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ.

ದೊಡ್ಡ ಟರ್ಬೊ ತಂದು ಹಳೆಯ ಪಿಸ್ಟನ್ ಮೇಲೆಯೇ ಬೂಸ್ಟ್ ಏರಿಸುವವರನ್ನು ಕಂಡರೆ ನನಗೆ ಸಿಟ್ಟು. ಸುಮ್ನೆ ಒಂದು ಒಳ್ಳೆ ಎಂಜಿನ್ ಹಾಳು.

ರಿಂಗುಗಳನ್ನು ಸಿಲಿಂಡರ್ ನಂಬರ್ ಬರೆದ ಕವರುಗಳಲ್ಲಿ ಹಾಕಿಟ್ಟೆ. ಇನ್ನು ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗಿನಲ್ಲಿ ಎಣ್ಣೆಗೆ ಬಿಡುವ ಸಂದು) ಅಳೆಯಬೇಕು. "ಹಾರ್ಸ್‌ಪವರ್ ಎಷ್ಟು ಬರುತ್ತೆ ಹೇಳೋ" ಅಂತ ಗೆಳೆಯ ಹೊರಡುವಾಗಲೂ ಬಿಡಲಿಲ್ಲ. ಪವರ್ ಅಳೆಯುವ ಯಂತ್ರ ಡೈನೊ ಮೇಲೆ ಹತ್ತಿಸಿದ ದಿನ ನೀನೇ ಬಂದು ನೋಡು ಅಂದೆ.