ಚಿಗುರಿನ ಬಣ್ಣ ಹುಡುಕಿದ ದಿನ

ಕಳೆದ ವರ್ಷ ವಸಂತದ ಮೇಲೆ ಒಂದು ಕೊಲಾಜ್, ಅಂದರೆ ಕಾಗದದ ಚೂರು ಅಂಟಿಸಿ ಮಾಡುವ ಚಿತ್ರ, ಮಾಡಿದ್ದೆ. ದಪ್ಪ ಹಾಳೆಯ ನಡುವೆ ಒಂದು ಮರ, ಕೊಂಬೆ ತುಂಬಾ ಗಿಳಿ ಹಸಿರು ಎಲೆ, ಅಲ್ಲಲ್ಲಿ ಗುಲಾಬಿ ಬಣ್ಣದ ಹೂವು, ಹಿಂದೆ ತಿಳಿ ನೀಲಿ ಆಕಾಶ. ಮೂರು ದಿನ ಕೂತು ಕತ್ತರಿಸಿ ಅಂಟಿಸಿದ್ದೆ. ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡಿದರು. "ಚೆನ್ನಾಗಿದೆ ಕಣೇ. ಇದು ಯಾವ ಮರ?" ಅಂದರು.

ಅದು ಯಾವ ಮರವೂ ಅಲ್ಲ. ನಾನು ಯಾವ ಮರವನ್ನೂ ನೋಡಿ ಮಾಡಿರಲಿಲ್ಲ. ವಸಂತ ಅಂದರೆ ಹಸಿರು, ಹೂವು ಅಂದರೆ ಗುಲಾಬಿ, ತಲೆಯಲ್ಲಿ ಇದ್ದದ್ದು ಅಷ್ಟೇ. ಹಸಿರು ಕಾಗದ ಒಂದೇ ಕಟ್ಟಿನದು, ಹಾಗಾಗಿ ನೂರಕ್ಕೂ ಜಾಸ್ತಿ ಇದ್ದ ಎಲೆಗಳಿಗೆಲ್ಲ ಒಂದೇ ಹಸಿರು. ಅಮ್ಮ ತಪ್ಪು ಹುಡುಕಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಇರಬೇಕು, ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ಅದಾದ ಮೇಲೆ ನಿಜವಾದ ಹೂವು, ಎಲೆಗಳನ್ನೇ ಅಂಟಿಸಿಬಿಡೋಣ ಅನ್ನಿಸಿತು. ಉದುರಿದ ಎಸಳುಗಳನ್ನು ತಂದು, ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಎರಡು ವಾರ ಬಿಟ್ಟೆ. ನಡುನಡುವೆ ಪೇಪರ್ ಬದಲಾಯಿಸಬೇಕು ಅಂತ ಗೊತ್ತಿರಲಿಲ್ಲ. ತೇವ ಅಲ್ಲೇ ನಿಂತು ಕೆಲವಕ್ಕೆ ಬೂಷ್ಟು ಬಂತು. ಚೆನ್ನಾಗಿ ಒಣಗಿದವನ್ನು ಹಾಳೆಗೆ ಅಂಟಿಸಿದೆ. ಮೊದಲ ವಾರ ಎಷ್ಟು ಚೆಂದ ಇತ್ತು! ಎರಡು ತಿಂಗಳಲ್ಲಿ ಕೆಂಪು ಎಸಳು ಕಂದಾಯಿತು, ನೇರಳೆ ಮಾಸಿ ಮಣ್ಣಿನ ಬಣ್ಣಕ್ಕೆ ಬಂತು. ಹಳದಿ ಮಾತ್ರ ಸುಮಾರಾಗಿ ಉಳಿಯಿತು. ಕೆಂಪು ನೇರಳೆ ಹೂಗಳ ಬಣ್ಣ ಸಾಮಾನ್ಯವಾಗಿ ಆಂಥೋಸಯನಿನ್ ಎಂಬ ವಸ್ತುವಿನದು, ಬೆಳಕು ಬಿದ್ದರೆ, ತೇವ ತಾಕಿದರೆ ಅದು ಬೇಗ ಕೆಡುತ್ತದೆ ಅಂತ ಆಮೇಲೆ ಓದಿ ತಿಳಿದೆ. ಆ ಹಾಳೆಯನ್ನು ಎಸೆದಿಲ್ಲ, ಇಟ್ಟುಕೊಂಡಿದ್ದೇನೆ.

ಈ ವರ್ಷದ ಕತೆ ಶುರುವಾದದ್ದು ಒಂದು ಮುರಿದ ರೆಂಬೆಯಿಂದ. ಬೆಳಿಗ್ಗೆ ನಡೆಯಲು ಹೋಗುವ ದಾರಿಯಲ್ಲಿ ಒಂದು ಅರಳಿ ಮರ ಇದೆ. ಹಿಂದಿನ ರಾತ್ರಿ ಗಾಳಿ ಜೋರಿತ್ತು. ಮರದ ಕೆಳಗೆ ಒಂದು ಮೊಳ ಉದ್ದದ ರೆಂಬೆ ಬಿದ್ದಿತ್ತು, ಅದರ ತುದಿಯಲ್ಲಿ ಹೊಸ ಚಿಗುರು. ಮರದಿಂದ ಕಿತ್ತದ್ದಲ್ಲ, ತಾನಾಗಿಯೇ ಬಿದ್ದದ್ದು, ತಗೊಂಡು ಹೋಗೋಣ ಅಂತ ಮನೆಗೆ ತಂದೆ. ಗಾಜಿನ ಲೋಟಕ್ಕೆ ನೀರು ಹಾಕಿ ಕಿಟಕಿ ಪಕ್ಕ ಇಟ್ಟೆ. ಟೇಬಲ್ ಮೇಲೆ ಕತ್ತರಿ, ಕಾಗದ ಎಲ್ಲ ಇತ್ತು, ಆದರೆ ಯಾವುದನ್ನೂ ಮುಟ್ಟಲಿಲ್ಲ. ಸುಮ್ನೆ ನೋಡುತ್ತಾ ಕೂತೆ. ಮೊದಲ ಸಲ, ಒಂದು ಗಂಟೆ ಹೊತ್ತು, ಬರೀ ನೋಡುವುದಕ್ಕೆ ಅಂತಲೇ ಕೂತದ್ದು.

ಆ ರೆಂಬೆಯಲ್ಲಿ ಐದು ಎಲೆ ಇದ್ದವು. ತುದಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ ಮೊಗ್ಗು, ಮೊಳೆಯ ಹಾಗೆ ಚೂಪಾಗಿ. ಅದರ ಕೆಳಗಿನ ಪುಟ್ಟ ಎಲೆ ಹೆಬ್ಬೆರಳಿನಷ್ಟು, ತೆಳು ಗುಲಾಬಿಗೆ ಸ್ವಲ್ಪ ಕಂದು ಬೆರೆಸಿದ ಹಾಗೆ, ಎಣ್ಣೆ ಸವರಿದಂತೆ ಮಿರಮಿರ ಮಿಂಚುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಮಸುಕಾಗಿ ಕಾಣುವಷ್ಟು ತೆಳು. ಎರಡನೆಯದು ಉಜ್ಜಿದ ತಾಮ್ರ. ಮೂರನೆಯದರಲ್ಲಿ ತಾಮ್ರ ಮಾಸುತ್ತಾ ಒಳಗಿಂದ ಹಸಿರು ಹತ್ತುತ್ತಿತ್ತು. ಎರಡೂ ಬಣ್ಣ ಒಂದೇ ಎಲೆಯಲ್ಲಿ, ಯಾವುದು ಎಲ್ಲಿ ಮುಗಿಯಿತು ಅಂತ ಹೇಳುವ ಹಾಗಿಲ್ಲ. ನಾಲ್ಕನೆಯದು ಹಳದಿ ಕಲೆಸಿದ ಎಳೆ ಹಸಿರು. ಐದನೆಯದು ಮಾತ್ರ ನಾವೆಲ್ಲ "ಎಲೆ ಹಸಿರು" ಅನ್ನುತ್ತೇವಲ್ಲ, ಆ ಹಸಿರು. ಐದು ಎಲೆಯಲ್ಲಿ ನನ್ನ ಕಳೆದ ವರ್ಷದ ಹಸಿರು ಒಂದೂ ಇರಲಿಲ್ಲ.

ಎಳೆ ಎಲೆ ಕೆಂಪಾಗಿರುವುದಕ್ಕೂ ಅದೇ ಆಂಥೋಸಯನಿನ್ ಕಾರಣವಂತೆ. ಎಲೆಯ ಹಸಿರು ಇನ್ನೂ ತುಂಬಿಕೊಂಡಿರುವುದಿಲ್ಲ, ಅಲ್ಲಿಯವರೆಗೆ ಕಡು ಬಿಸಿಲಿನಿಂದ ಎಳೆ ಎಲೆಯನ್ನು ಈ ಕೆಂಪು ಕಾಯುತ್ತದೆ ಅನ್ನುವುದು ಒಂದು ವಿವರಣೆ. ನನ್ನ ಹೂವಿನ ಹಾಳೆಯಲ್ಲಿ ಬೆಳಕಿಗೆ ಕಂದಿಹೋದ ಬಣ್ಣವೇ ಜೀವ ಇರುವ ಎಲೆಯಲ್ಲಿ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಇದನ್ನು ನೆನೆದು ಆ ಪುಟ್ಟ ಎಲೆಯನ್ನು ಇನ್ನೊಂದು ಸಲ ಮುಟ್ಟಿ ನೋಡಿದೆ.

ಈಗ ಈ ಐದು ಬಣ್ಣವನ್ನು ಕಾಗದದಲ್ಲಿ ಹುಡುಕಬೇಕು. ಹಳೇ ಮ್ಯಾಗಜೀನ್‌ಗಳ ಒಂದು ರಾಶಿಯನ್ನೇ ನೆಲದ ಮೇಲೆ ಹರಡಿದೆ. ಒಂದು ಬಿಳಿ ಕಾರ್ಡಿನಲ್ಲಿ ಬೆರಳುಗುರಿನಷ್ಟು ಚೌಕ ಕತ್ತರಿಸಿ ಅದನ್ನು ಎಲೆಯ ಮೇಲೆ ಇಟ್ಟೆ. ಹೀಗೆ ಮಾಡಿದರೆ ಅಕ್ಕಪಕ್ಕದ ಬಣ್ಣ ಕಣ್ಣಿಗೆ ಬೀಳುವುದಿಲ್ಲ, ಆ ಒಂದು ಚೌಕದ ಬಣ್ಣ ಮಾತ್ರ ಕಾಣುತ್ತದೆ. ಆಮೇಲೆ ಅದೇ ಕಾರ್ಡನ್ನು ಮ್ಯಾಗಜೀನ್ ಪುಟದ ಮೇಲೆ ಜರುಗಿಸುತ್ತಾ ಹೋಗುವುದು. ಇದನ್ನು ಮಾಡಿದಾಗಲೇ ಗೊತ್ತಾದದ್ದು, ಚಿಗುರಿನ ಬಣ್ಣ ಹುಡುಕಬೇಕಾದದ್ದು ಗಿಡಮರಗಳ ಫೋಟೋದಲ್ಲಲ್ಲ. ತಾಮ್ರದ ಬಣ್ಣ ಸಿಕ್ಕಿದ್ದು ಒಂದು ಚರ್ಮದ ಕುರ್ಚಿಯ ಜಾಹೀರಾತಿನಲ್ಲಿ, ಕುರ್ಚಿಯ ಕೈಗೆ ಬೆಳಕು ಬಿದ್ದ ಜಾಗದಲ್ಲಿ. ಪುಟ್ಟ ಎಲೆಯ ಗುಲಾಬಿ ಒಂದು ಮುಖದ ಫೋಟೋದಲ್ಲಿ, ಕಿವಿಯ ಹಾಲೆಯ ಹತ್ತಿರ. ಬೆಳಕಿಗೆ ಅಡ್ಡ ಬಂದ ಕಿವಿಯೂ ಎಳೆ ಎಲೆಯೂ ಒಂದೇ ಥರ ಕೆಂಪಾಗುತ್ತವೆ, ನೋಡಿದ್ದೀರಾ? ಮೂರನೇ ಎಲೆಯ ಕಲಸು ಬಣ್ಣ ಮಾತ್ರ ಮಧ್ಯಾಹ್ನದವರೆಗೆ ಸಿಗಲೇ ಇಲ್ಲ. ಕೊನೆಗೆ ಪಾಚಿ ಹಿಡಿದ ಇಟ್ಟಿಗೆ ಗೋಡೆಯ ಒಂದು ಚಿತ್ರದಲ್ಲಿ, ಮೂಲೆಯಲ್ಲಿ, ಎರಡು ಬೆರಳಷ್ಟು ಅಗಲ ಸಿಕ್ಕಿತು. ಅದನ್ನು ಕತ್ತರಿಸುವಾಗ ಉಸಿರು ಬಿಗಿ ಹಿಡಿದಿದ್ದೆ.

ಬಣ್ಣ ಒಂದೇ ಅಲ್ಲ, ಕಾಗದದ ಗುಣವೂ ಮುಖ್ಯ. ಮಿಂಚುವ ಎಳೆ ಎಲೆಗೆ ನುಣುಪಾದ ಮ್ಯಾಗಜೀನ್ ಹಾಳೆಯೇ ಸರಿ. ತೊಗಟೆಗೆ ಕಂದು ಪ್ಯಾಕಿಂಗ್ ಕಾಗದ, ಅದನ್ನು ಮುದುಡಿ ಬಿಡಿಸಿದರೆ ಗೆರೆಗಳು ತಾವೇ ಮೂಡುತ್ತವೆ. ನ್ಯೂಸ್‌ಪ್ರಿಂಟ್, ಅಂದರೆ ದಿನಪತ್ರಿಕೆಯ ಕಾಗದ, ಬಳಸುವವರು ಒಂದು ನೆನಪಿಡಿ, ಅದು ವರ್ಷದೊಳಗೆ ಹಳದಿಯಾಗುತ್ತದೆ. ಹಳದಿಯಾದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ ಮಾತ್ರ ಹಾಕಿ.

ಎಲೆ ಕತ್ತರಿಸಲು ಶುರು ಮಾಡಿದ ಮೇಲೆ ನಿಜವಾದ ಕಷ್ಟ ಬಂತು. ಅರಳಿ ಎಲೆಗೆ ಉದ್ದನೆಯ ಬಾಲ ಇದೆಯಲ್ಲ, ಅದೇ ಕಷ್ಟ. ಅಗಲ ಇದ್ದ ಎಲೆ ಇದ್ದಕ್ಕಿದ್ದ ಹಾಗೆ ಕಿರಿದಾಗಿ ದಾರದಷ್ಟು ತೆಳ್ಳಗೆ ಮುಗಿಯಬೇಕು. ಕತ್ತರಿಯನ್ನು ತಿರುಗಿಸದೆ ಕಾಗದವನ್ನು ತಿರುಗಿಸುತ್ತಾ ಹೋದರೆ ಅಂಚು ನಯವಾಗಿ ಬರುತ್ತದೆ, ಅದು ನನಗೆ ಗೊತ್ತಿತ್ತು. ಆದರೂ ಮೊದಲ ಮೂರು ಎಲೆಯ ಬಾಲ ತುಂಡಾಯಿತು. ನಾಲ್ಕನೆಯದು ಸರಿಯಾಗಿ ಬಂತು, ಗೋಂದು ಹಚ್ಚಿದ ಕೂಡಲೇ ಬಾಲ ಮಾತ್ರ ಸುರುಳಿ ಸುತ್ತಿಕೊಂಡಿತು. ಚಿಮುಟದಲ್ಲಿ ಬಿಡಿಸಲು ಹೋದರೆ ಹರಿಯಿತು.

ತಪ್ಪು ನನ್ನ ಕೈಯದ್ದಲ್ಲ, ಕಾಗದದ ಎಳೆಯದ್ದು. ಮಿಷನ್ನಿನಲ್ಲಿ ತಯಾರಾದ ಕಾಗದದಲ್ಲಿ ನಾರಿನ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒದ್ದೆಯಾದಾಗ ಕಾಗದ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಬಾಲವನ್ನು ನಾನು ಎಳೆಗೆ ಅಡ್ಡವಾಗಿ ಕತ್ತರಿಸಿದ್ದೆ, ಹಾಗಾಗಿ ಗೋಂದಿನ ನೀರು ತಾಕಿದಾಗ ಅದರ ಉದ್ದವೇ ಹಿಗ್ಗಿ ಸುತ್ತಿಕೊಂಡಿತು. ಎಳೆಯ ದಿಕ್ಕು ತಿಳಿಯಲು ಕಾಗದವನ್ನು ಎರಡೂ ಕಡೆಯಿಂದ ಸ್ವಲ್ಪ ಹರಿದು ನೋಡಿದರೆ ಸಾಕು. ಯಾವ ಕಡೆಯಿಂದ ನೇರವಾಗಿ ಹರಿಯುತ್ತದೋ ಅದೇ ಎಳೆಯ ದಿಕ್ಕು. ಐದನೇ ಎಲೆಯನ್ನು ಎಳೆಯ ಉದ್ದಕ್ಕೇ ಕತ್ತರಿಸಿದೆ. ಬ್ರಷ್‌ನಲ್ಲಿ ಗೋಂದನ್ನು ತೆಳುವಾಗಿ, ನಡುವಿನಿಂದ ಅಂಚಿನ ಕಡೆಗೆ ಎಳೆದೆ. ಬಾಲ ಕೂದಲಿನ ಹಾಗೆ ನೆಟ್ಟಗೆ ಮಲಗಿತು. ಆ ಒಂದು ಬಾಲಕ್ಕೆ ಇಡೀ ಮಧ್ಯಾಹ್ನ ಹೋಗಿತ್ತು, ಒಂದು ಚೂರೂ ಬೇಸರ ಆಗಲಿಲ್ಲ.

ಇಂಥ ಹೊತ್ತಲ್ಲಿ ನನಗೆ ನೆನಪಾಗುವುದು ಮೇರಿ ಡಿಲೇನಿ. ಇಂಗ್ಲೆಂಡಿನವರು, ಹುಟ್ಟಿದ್ದು 1700ರಲ್ಲಿ. ಗಂಡ ತೀರಿಕೊಂಡು ಕೆಲವು ವರ್ಷಗಳ ನಂತರ, 1772ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ ಕಾಗದದಿಂದ ಹೂವು ಮಾಡಲು ಶುರು ಮಾಡಿದರು. ಕೆಂಪು ಹೂವಿನ ಎಸಳೂ ಅಲ್ಲೇ ಇದ್ದ ಒಂದು ಕೆಂಪು ಕಾಗದದ ಚೂರೂ ಒಂದೇ ಬಣ್ಣ ಅಂತ ಅವರ ಕಣ್ಣಿಗೆ ಬಿತ್ತಂತೆ, ಅಲ್ಲಿಂದ ಎಲ್ಲ ಶುರು. ಮುಂದಿನ ಹತ್ತು ವರ್ಷ, ಕಣ್ಣು ಮಂಜಾಗುವವರೆಗೂ, ಎದುರಿಗೆ ನಿಜವಾದ ಗಿಡ ಇಟ್ಟುಕೊಂಡು ಒಂದೊಂದು ಹೂವಿಗೆ ನೂರಾರು ಚೂರು ಕತ್ತರಿಸಿ ಕಪ್ಪು ಹಾಳೆಯ ಮೇಲೆ ಅಂಟಿಸಿದರು. ಅವರ 985 ಹೂಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೊಲಾಜ್ ಅಂದ ಕೂಡಲೇ ಎಲ್ಲರೂ 1912ರ ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್ ಹೆಸರು ಹೇಳುತ್ತಾರೆ, ಅದಕ್ಕೂ 140 ವರ್ಷ ಮೊದಲಿನ ಕೆಲಸ ಇದು. ನನಗಂತೂ ಈ ಅಜ್ಜಿಯೇ ಗುರು. ವಯಸ್ಸಿನ ಕಾರಣಕ್ಕೆ ಅಷ್ಟೇ ಅಲ್ಲ, ಬಣ್ಣವನ್ನು ಮೊದಲು ಗಿಡದಲ್ಲಿ ನೋಡಿ ಆಮೇಲೆ ಕಾಗದದಲ್ಲಿ ಹುಡುಕಿದರಲ್ಲ, ಅದಕ್ಕೆ.

ಅವರ ಹಾಗೆ ಕಪ್ಪು ಹಾಳೆಯ ಮೇಲೆ ನನ್ನ ಎಲೆಗಳನ್ನೂ ಇಟ್ಟು ನೋಡಿದೆ. ತಾಮ್ರ ದೀಪದ ಹಾಗೆ ಹೊಳೆಯಿತು. ಆದರೆ ಪುಟ್ಟ ಎಲೆಯ ತೆಳುತನ ಪೂರ್ತಿ ಹೋಯಿತು, ಲೋಹದ ತಗಡಿನ ಹಾಗೆ ಕಂಡಿತು. ಬಿಳಿಯ ಮೇಲೆ ಎಲ್ಲವೂ ಕೊಳೆಯಾಗಿ ಕಂಡವು. ಹಸಿರಿನ ಮೇಲೆ ಇಟ್ಟರೆ ಗುಲಾಬಿ ಇನ್ನೂ ಕೆಂಪಾಗಿ ಅರಚಿಕೊಂಡಂತೆ ಇತ್ತು. ಕೊನೆಗೆ ಹೊಂದಿದ್ದು ಲಕೋಟೆಗಳ ಒಳಮೈ. ಒಳಗಿನ ಅಕ್ಷರ ಹೊರಗೆ ಕಾಣದಿರಲಿ ಅಂತ ಬೂದು ನೀಲಿಯ ಸಣ್ಣ ಗೆರೆಗಳನ್ನು ಅಚ್ಚು ಹಾಕಿರುತ್ತಾರಲ್ಲ, ಅದು. ನಾಲ್ಕೈದು ಲಕೋಟೆ ಬಿಚ್ಚಿ, ಕತ್ತರಿ ಬಳಸದೆ ಕೈಯಲ್ಲೇ ಹರಿದೆ. ಹರಿದಾಗ ಒಂದು ತುಂಡಿನ ಅಂಚಿಗೆ ಬಿಳಿ ಗೆರೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಆ ಬಿಳಿ ಅಂಚುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಬೆಳಗಿನ ತೆಳು ಮೋಡದ ಆಕಾಶವೇ ಬಂತು.

ರೆಂಬೆ, ಎಲೆ ಎಲ್ಲವನ್ನೂ ಗೋಂದು ಹಚ್ಚದೆ ಸುಮ್ನೆ ಹಾಳೆಯ ಮೇಲೆ ಜೋಡಿಸಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಬಂದು ಹಿಂದೆ ನಿಂತರು.

"ಅರಳಿ ಮರದ್ದಾ?"

"ಹ್ಞೂಂ ಅಮ್ಮ."

"ಬಣ್ಣ ಸರಿಯಾಗಿದೆ. ಆದ್ರೆ ಎಳೇ ಚಿಗುರು ಹೀಗೆ ನಿಂತ್ಕೊಂಡಿರಲ್ಲ ಕಣೇ, ಜೋತಾಡ್ತಿರುತ್ತೆ. ಇಲ್ನೋಡು."

ಲೋಟದ ಕಡೆ ತೋರಿಸಿದರು. ಹೌದು. ಬೆಳಿಗ್ಗೆಯಿಂದ ಅದೇ ರೆಂಬೆಯನ್ನು ನೋಡುತ್ತಿದ್ದೆ, ಬಣ್ಣದಲ್ಲೇ ಮುಳುಗಿ ಇದನ್ನು ಗಮನಿಸಿಯೇ ಇರಲಿಲ್ಲ. ಬಲಿತ ಎಲೆ ಅಗಲವಾಗಿ ಹರಡಿ ನಿಂತಿತ್ತು. ಎಳೆಯವು ಉದ್ದನೆಯ ತೊಟ್ಟಿನಿಂದ ಕೆಳಗೆ ಇಳಿಬಿದ್ದಿದ್ದವು, ಮಲಗಿದ ಮಗುವಿನ ಕೈ ಮಂಚದಿಂದ ಇಳಿಬಿದ್ದ ಹಾಗೆ. ಎಳೆ ಎಲೆಗಳನ್ನೆಲ್ಲ ಚಿಮುಟದಲ್ಲಿ ಎತ್ತಿ ಮತ್ತೆ ಇಳಿಮುಖವಾಗಿ ಜೋಡಿಸಿದೆ. ಆ ಕ್ಷಣಕ್ಕೆ ಚಿತ್ರಕ್ಕೆ ತೂಕ ಬಂತು. ಅಂಟಿಸುವ ಮೊದಲು ಒಂದು ರಾತ್ರಿಯಾದರೂ ಹಾಗೇ ಬಿಡಬೇಕು ಅಂತ ಎಷ್ಟೋ ಸಲ ಓದಿದ್ದೆ. ಈಗ ನನ್ನ ಕೆಲಸದಲ್ಲಿ ಅದು ನಿಯಮವೇ ಆಗಿದೆ.

ಮರದ ಕೆಳಗೆ ರೆಂಬೆಯ ಜೊತೆ ಒಂದು ಹಳೇ ಎಲೆಯೂ ಸಿಕ್ಕಿತ್ತು. ಕೊಳೆತು ಕೊಳೆತು ಅರ್ಧ ಭಾಗ ಬರೀ ನರಗಳ ಜಾಲರಿ. ಅದನ್ನು ಅಂಟಿಸುವ ಆಸೆ ಬಹಳ ಆಯಿತು. ಡಿಲೇನಿಯವರೂ ಕೆಲವು ಚಿತ್ರಗಳಲ್ಲಿ ನಿಜವಾದ ಎಲೆಯನ್ನು ಸೇರಿಸಿದ್ದುಂಟು. ಆದರೆ ಹೂವಿನ ಹಾಳೆಯ ನೆನಪಿತ್ತು. ಹಾಗಾಗಿ ಜಾಲರಿಯ ಮೇಲೆ ತೆಳುವಾಗಿ ಬಣ್ಣ ಹಚ್ಚಿ, ಟಿಶ್ಯೂ ಪೇಪರ್ ಇಟ್ಟು, ಬಟ್ಟೆಯಲ್ಲಿ ಒತ್ತಿ ಅಚ್ಚು ತೆಗೆದೆ. ಒಂದೊಂದು ನರವೂ ಬಿತ್ತು. ಆ ಟಿಶ್ಯೂವನ್ನು ಹಾಳೆಯ ಕೆಳಗಿನ ಮೂಲೆಗೆ ಅಂಟಿಸಿದೆ, ಕಂಡೂ ಕಾಣದಂತೆ, ನೆಲಕ್ಕೆ ಬಿದ್ದ ಹೋದ ವರ್ಷದ ಎಲೆಯಾಗಿ. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ.

ಮರುದಿನ ಎಲ್ಲವನ್ನೂ ಅಂಟಿಸಿ, ಮೇಲೆ ಬಟರ್ ಪೇಪರ್ ಇಟ್ಟು, ಪುಸ್ತಕಗಳ ಭಾರ ಹೇರಿದೆ. ಒಣಗಿದ ಮೇಲೆ ತೆಗೆದರೆ ಒಂದು ಅಂಚೂ ಎದ್ದಿರಲಿಲ್ಲ.

ಲೋಟದಲ್ಲಿದ್ದ ರೆಂಬೆ ಎರಡೇ ದಿನಕ್ಕೆ ಬಾಡಿತು. ನಾಲ್ಕನೇ ದಿನ ಮರದ ಹತ್ತಿರ ಹೋದಾಗ ಕೆಳಗಿನ ಕೊಂಬೆಗಳ ತಾಮ್ರ ಆಗಲೇ ಹಸಿರಿಗೆ ತಿರುಗುತ್ತಿತ್ತು. ನಾನು ಹಾಳೆಯಲ್ಲಿ ಹಿಡಿದ ಬಣ್ಣ ಆ ಕೊಂಬೆಗಳಲ್ಲಿ ಆಗಲೇ ಇರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಆ ಚೌಕ ಕತ್ತರಿಸಿದ ಬಿಳಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಕೈಗೆ ಸಿಗುವ ಒಂದೇ ಹೊಸ ಚಿಗುರೆಲೆ, ಪ್ರತಿದಿನ ಅದೇ ಎಲೆ. ಕಾರ್ಡ್ ಇಟ್ಟು ಆ ದಿನದ ಬಣ್ಣ ನೋಡಿಕೊಂಡು ಬಂದು, ಮ್ಯಾಗಜೀನ್‌ಗಳಲ್ಲಿ ಹುಡುಕಿ, ಒಂದು ಬೆರಳು ಅಗಲದ ಪಟ್ಟಿ ಕತ್ತರಿಸಿ, ಹಿಂದೆ ತಾರೀಕು ಬರೆದು ಡಬ್ಬಿಗೆ ಹಾಕುತ್ತೇನೆ. ಈಗ ಹನ್ನೊಂದು ಪಟ್ಟಿಗಳಾಗಿವೆ. ಮೊದಲನೆಯದು ಕಿವಿಯ ಹಾಲೆಯ ಗುಲಾಬಿ, ನಿನ್ನೆಯದು ಹಸಿ ಹಸಿರು. ನಡುವೆ ಆರನೇ ದಿನದ ಪಟ್ಟಿ ಇನ್ನೂ ಸಿಕ್ಕಿಲ್ಲ. ಆ ಬಣ್ಣ ಕಣ್ಣಲ್ಲಿ ಇದೆ, ಮ್ಯಾಗಜೀನ್ ರಾಶಿಯಲ್ಲಿ ಇನ್ನೂ ಅರ್ಧ ನೋಡುವುದು ಬಾಕಿ ಇದೆ.