ಸಜ್ಜೆಯ ತುದಿ

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಗಾಜಿನ ಕಡೆಗೆ. ನೆಲದಿಂದ ಚಾವಣಿಯವರೆಗೆ ಒಂದೇ ಪದರದ ಗಾಜು, ಅದಕ್ಕೆ ಎರಡು ಬೆರಳಗಲದ ಉಕ್ಕಿನ ಚೌಕಟ್ಟು. 1960ರ ದಶಕದ ಮನೆ. ಕಟ್ಟಿದವರಿಗೆ ತೆಳುವಾದದ್ದೆಲ್ಲ ಚೆಂದ. ಚಳಿಗಾಲದಲ್ಲಿ ತಣ್ಣಗಾಗುವ, ಬೇಸಿಗೆಯಲ್ಲಿ ಕಾಯುವ ಈ ಮನೆಯನ್ನು ದುರಸ್ತಿ ಮಾಡಿ, ಒಂದಿಷ್ಟು ವಿಸ್ತರಿಸಲು ಹೊರಟೆವು. "ಗಾಜು ಬದಲಿಸಿ, ಎಲ್ಲ ಸರಿಹೋಗುತ್ತದೆ" ಎಂಬುದು ಸಾಮಾನ್ಯವಾಗಿ ಸಿಗುವ ಸಲಹೆ. ನಾನು ಒಪ್ಪುವುದಿಲ್ಲ.

ನಮಗೆ ನಿಜವಾದ ತಲೆನೋವು ತಾರಸಿಯ ಕಾಂಕ್ರೀಟ್ ಚಪ್ಪಡಿ. ಅದು ಎಲ್ಲೂ ತುಂಡಾಗದೆ ಗೋಡೆಯನ್ನು ದಾಟಿ ನಾಲ್ಕೂ ಕಡೆ ಸಜ್ಜೆಯಾಗಿ ಹೊರಚಾಚಿದೆ. ಶಾಖ ತಡೆಯಲು ಬಳಸುವ ಫೋಮ್ ಹಲಗೆಗಿಂತ ಕಾಂಕ್ರೀಟ್ 40 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಹರಿಯಬಿಡುತ್ತದೆ. ಹೀಗಾಗಿ ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯೆಲ್ಲ ಸಜ್ಜೆಯ ತುದಿಯಿಂದ ಹೊರಗೆ ಹೋಗುತ್ತದೆ. ಮಲಗುವ ಕೋಣೆಯಲ್ಲಿ ಚಾವಣಿ ಗೋಡೆಗೆ ಸೇರುವ ಮೂಲೆಯುದ್ದಕ್ಕೂ ಗೇಣಗಲದ ಕಪ್ಪು ಬೂಷ್ಟು. ಒರೆಸಿದರೆ ಹೋಗುತ್ತದೆ, ಮತ್ತೆ ಅದೇ ಗೆರೆಯಲ್ಲಿ ಬರುತ್ತದೆ. ಒಳಗಿನ ತೇವ ಆ ತಣ್ಣನೆಯ ಅಂಚಿನಲ್ಲೇ ನೀರಾಗಿ ಕೂರುತ್ತದೆ.

ಸಜ್ಜೆಯನ್ನು ಶಾಖ ತಡೆಯುವ ಹಲಗೆಯಿಂದ ಮೇಲೆ ಕೆಳಗೆ ಪೂರ್ತಿ ಹೊದಿಸಿಬಿಡಿ ಎಂದರು ನಮ್ಮ ಆರ್ಕಿಟೆಕ್ಟ್. ಹಾಗೆ ಮಾಡಿದರೆ ಅಂಚು ಎರಡು ಪಟ್ಟು ದಪ್ಪವಾಗುತ್ತದೆ, ಮನೆ ಟೋಪಿ ಹಾಕಿಕೊಂಡಂತೆ ಕಾಣುತ್ತದೆ. ಬಹಳ ಜಗ್ಗಾಟದ ನಂತರ ಒಂದು ನಡುದಾರಿ ಸಿಕ್ಕಿತು: ತಾರಸಿಯ ಮೇಲಿನ ಹೊದಿಕೆಯನ್ನು ಸಜ್ಜೆಯ ಅಂಚಿನಿಂದ ಸಾಕಷ್ಟು ಹಿಂದಕ್ಕೆ ನಿಲ್ಲಿಸುವುದು, ಆಗ ಅಂಗಳದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ, ಒಳಗೆ ಚಾವಣಿಯ ಅಂಚಿಗೆ ಸುಮಾರು ಒಂದು ಮೀಟರ್ ಅಗಲಕ್ಕೆ ತೇವ ಹೀರಿ ಬಿಡುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಅಂಟಿಸುವುದು. ಸೋರಿಕೆ ಪೂರ್ತಿ ನಿಲ್ಲುವುದಿಲ್ಲ, ಆದರೆ ಮೂಲೆ ಬೂಷ್ಟು ಹಿಡಿಯದಷ್ಟು ಬೆಚ್ಚಗಿರುತ್ತದೆ.

ವಿಸ್ತರಣೆಯ ವಿಷಯದಲ್ಲೂ ಸಜ್ಜೆಯೇ ದಾರಿ ತೋರಿಸಿತು. ಅಂಗಳದತ್ತ ಗಾಜಿನ ಹೊಸ ಕೋಣೆಯೊಂದನ್ನು ಚಾಚುವ ನಕ್ಷೆ ಮೊದಲು ಬಂದಿತ್ತು. ಚಿತ್ರದಲ್ಲಿ ಸೊಗಸು, ಆದರೆ ಶಾಖ ಸೋರುವ ಹೊರಗೋಡೆ ಇನ್ನಷ್ಟು ಹೆಚ್ಚುತ್ತಿತ್ತು. ನಾನು ಪಶ್ಚಿಮವನ್ನು ಹಿಡಿದು ಕೂತೆ. ಸಂಜೆಯ ಇಳಿಬಿಸಿಲು ಸಜ್ಜೆಯ ಕೆಳಗಿನಿಂದಲೇ ನುಗ್ಗುತ್ತದೆ, ಎಷ್ಟು ಉದ್ದ ಚಾಚಿದರೂ ತಡೆಯದು. ಆ ಬದಿಗೆ ಸ್ನಾನದ ಕೋಣೆ, ಉಗ್ರಾಣ, ಒಂದು ಸಣ್ಣ ಓದುಕೋಣೆಯನ್ನು ದಪ್ಪ ಗೋಡೆ, ಕಿರಿದಾದ ಕಿಟಕಿಗಳೊಂದಿಗೆ ಸೇರಿಸಿದೆವು. ಬೇಸಿಗೆಯ ಕಾವು ತಗ್ಗಿತು, ಜೊತೆಗೆ ಆ ಬದಿಯ ಸಜ್ಜೆ ಪೂರ್ತಿ ಮನೆಯೊಳಗೆ ಬಂದುಬಿಟ್ಟಿತು. ಎರಡೂ ಕಡೆ ಬೆಚ್ಚಗಿದ್ದರೆ ಕಾಂಕ್ರೀಟಿನಿಂದ ಸೋರಲು ಏನೂ ಉಳಿಯುವುದಿಲ್ಲ.

ಗಾಜನ್ನು ಕೊನೆಗೆ ಮುಟ್ಟಿದೆವು. ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ಅಮೆರಿಕದಲ್ಲಿ ಗಾಜಿನಿಂದಲೇ ಕಟ್ಟಿ 1951ರಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಮನೆಯೂ ಚಳಿಗಾಲದಲ್ಲಿ ಗಾಜಿನ ಮೇಲೆ ನೀರಿಳಿಸುತ್ತಿತ್ತು, ಬೇಸಿಗೆಯಲ್ಲಿ ಬೇಯುತ್ತಿತ್ತು. ಹಾಗಾಗಿ ನಮ್ಮದೇನೂ ವಿಶೇಷ ಪಾಡಲ್ಲ. ಶಾಖ ಎಷ್ಟು ಸೋರುತ್ತದೆ ಎಂಬುದರ ಅಳತೆ ಯು-ಮೌಲ್ಯ, ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದೇ ಪದರದ ಗಾಜಿನದು ಸುಮಾರು 5.7, ಆರ್ಗಾನ್ ತುಂಬಿದ, ಶಾಖ ಮರಳಿಸುವ ಲೇಪವಿರುವ ಜೋಡಿ ಗಾಜಿನದು 1.2ರ ಆಸುಪಾಸು. ಆದರೆ ಜೋಡಿ ಗಾಜು ನಮ್ಮ ತೆಳು ಚೌಕಟ್ಟಿನಲ್ಲಿ ಕೂರುವುದಿಲ್ಲ. ನಿರ್ವಾತ ಗಾಜು ಕೂರುತ್ತದೆ: ಎರಡು ಹಾಳೆಗಳ ನಡುವೆ ಮಿಲಿಮೀಟರಿಗಿಂತ ಕಡಿಮೆ ಸಂದು, ಅದರಲ್ಲಿ ಗಾಳಿಯಿಲ್ಲ, ಬರಿಗಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಕಂಬಗಳು ಮಾತ್ರ. ಉಕ್ಕು ಮಾತ್ರ ಇನ್ನೂ ತಣ್ಣಗೇ ಇದೆ.

ಗಾಳಿ ಸೋರಿಕೆಯನ್ನು ಬಾಗಿಲಿಗೆ ಫ್ಯಾನ್ ಕಟ್ಟಿ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸದಲ್ಲಿ ಅಳೆಯುತ್ತಾರೆ. ಹೊಗೆಯ ಕೊಳವೆ ಹಿಡಿದು ಸುತ್ತಿದಾಗ ಕಿಟಕಿಗಳ ಬಳಿ ಹೊಗೆ ಅಷ್ಟೇನೂ ಅಲುಗಲಿಲ್ಲ. ಸ್ವಿಚ್ ಬೋರ್ಡಿನ ಮುಂದೆ ಸರಕ್ಕನೆ ಬಾಗಿತು. ಹಳೆಯ ತಂತಿಯ ಕೊಳವೆಗಳೆಲ್ಲ ಹೊರಗಿನ ಗಾಳಿಗೆ ದಾರಿಯಾಗಿದ್ದವು. ಅವನ್ನು ಮುಚ್ಚಿದ ಮೇಲೆ ಒಳಗಾಳಿ ಕೆಡದಂತೆ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಬೇಕಾಯಿತು. ಅದರ ಕೊಳವೆಗಳನ್ನು ಮೊಗಸಾಲೆಯ ಗೋಡೆ ಕಪಾಟಿನ ತಲೆಯ ಮೇಲೆ ಅಡಗಿಸಿದ್ದೇವೆ.

ಹೊರಗಿನ ಶಾಖವನ್ನು ಒಳಗೆ ತಂದು ಮನೆ ಬೆಚ್ಚಗಿಡುವ ಹೀಟ್ ಪಂಪ್ ಇನ್ನೂ ಕೊಂಡಿಲ್ಲ. ಮಾರುವವರು ಮನೆಯ ವಿಸ್ತೀರ್ಣ ಕೇಳಿ ತಕ್ಷಣ ದೊಡ್ಡದೊಂದನ್ನು ಸೂಚಿಸಿದರು. ಸೋರಿಕೆಯ ಎರಡನೇ ಅಳತೆ ಬರಲಿ, ಆಮೇಲೆ ಮಾತಾಡೋಣ ಎಂದು ಹೇಳಿ ಕಳುಹಿಸಿದ್ದೇನೆ.